ಮೆರೆನ್‌ಪ್ತಾಹನ ಈಜಿಪ್ಟಿನಲ್ಲಿ ಒಂದು ಸಾಹಸ ಕಾಮಿಕ್ಸ್: ಮೊದಲ 12 ಪುಟದ ಕರಡಿನಲ್ಲಿ ತಪ್ಪೆಲ್ಲಿ?

ಹಾಳೆಹುಳು:
ಪ್ರಾಚೀನ ಈಜಿಪ್ಟಿನ ಸಾಹಸ ಸರಣಿ ಎಂದರೆ ಮೊದಲು ನೆನಪಾಗುವುದು ಬೆಲ್ಜಿಯಂನ ಲೂಸಿಯೆನ್ ಡೆ ಗೀಟರ್ 1974ರಲ್ಲಿ ‘ಸ್ಪಿರೂ’ ವಾರಪತ್ರಿಕೆಯಲ್ಲಿ ಶುರು ಮಾಡಿದ ‘ಪಪೈರಸ್’. ಬೆಸ್ತರ ಹುಡುಗ, ದೊರೆ ಮೆರೆನ್‌ಪ್ತಾಹನ ಮಗಳು ತೆತಿ-ಶೆರಿ, ಒಂದು ಮಾಯಾಕತ್ತಿ. ಅದೇ ದೊರೆಯ ಕಾಲ ಇಟ್ಟುಕೊಂಡು ಕನ್ನಡದಲ್ಲೇ ಹುಟ್ಟಿದ ಹೊಸ ಕಥೆಯೊಂದರ ಪುಟವಿಂಗಡಣೆ ಇಲ್ಲಿದೆ. ಲೆಕ್ಕ ಬೆಲ್ಜಿಯಂ ಆಲ್ಬಮ್ಮಿನದೇ: ಒಟ್ಟು 48 ಪುಟ, ಕಥೆಗೆ 46, ಪುಟಕ್ಕೆ ನಾಲ್ಕು ಸಾಲು, ಎಂಟರಿಂದ ಹತ್ತು ಪ್ಯಾನೆಲ್. ನಾಯಕಿ ಥೀಬ್ಸಿನ ದೋಣಿಯವನ ಮಗಳು, ಎದುರಾಳಿಗಳು ಗೋರಿಗಳ್ಳರು.

ಪುಟ 1: ಥೀಬ್ಸ್, ಹಿಂದೆ ಪಿರಮಿಡ್ಡುಗಳು, ಮುಂದೆ ಒಂಟೆಗಳ ಸಾಲು. ಪುಟ 3: ಸಂತೆಯಲ್ಲಿ ನಾಣ್ಯದ ಚೀಲ ಕಳವು. ಪುಟ 5-6: ಗುಡ್ಡದ ದಾರಿಯಲ್ಲಿ ರಥಗಳ ಓಟ, ಉಕ್ಕಿನ ಕತ್ತಿಗಳ ಕಾಳಗ. ಪುಟ 8: ಹಾಯಿ ಬಿಚ್ಚಿ ಮೆಂಫಿಸಿಗೆ ಪಯಣ. ಪುಟ 11: ಗೋರಿಯೊಳಗೆ ಕಲ್ಲು ತುಳಿದರೆ ಬಾಣ ಹಾರಿಸುವ ಯಂತ್ರ. ಪುಟ 12: ಗೋಡೆಬರಹ ಓದಿ ಗುಟ್ಟು ತಿಳಿಯುವುದು.

ಪೆನ್ಸಿಲ್ ಹಂತದಲ್ಲೇ ತಿದ್ದಬೇಕು. ಮಸಿ ಬಿದ್ದ ಮೇಲೆ ತಿದ್ದುವುದು ದಂಡ.

ನೈಲ್‌ದಂಡೆ:
ಪುಟ 1ರಲ್ಲೇ ಎರಡು ತಪ್ಪು. ಗೀಜಾದ ಪಿರಮಿಡ್ಡಿಗೂ ಥೀಬ್ಸಿಗೂ ಸುಮಾರು 500 ಕಿ.ಮೀ. ದೂರ. ಇನ್ನು ಒಂಟೆ: ಹೇರು ಹೊರುವ ಪ್ರಾಣಿಯಾಗಿ ಈಜಿಪ್ಟಿನಲ್ಲಿ ಅದು ರೂಢಿಗೆ ಬಂದದ್ದು ಪರ್ಷಿಯನ್ನರ, ಗ್ರೀಕರ ಕಾಲಕ್ಕೆ. ಮೆರೆನ್‌ಪ್ತಾಹ್ ಆಳಿದ್ದು ಕ್ರಿ.ಪೂ. 1213ರಿಂದ 1203ರ ಸುಮಾರಿಗೆ. ಆಗ ಹೊರೆ ಹೊರುತ್ತಿದ್ದದ್ದು ಕತ್ತೆ. ಒಂಟೆ ಅಳಿಸಿ ಕತ್ತೆ ಬರೆಯಿರಿ, ಬೆನ್ನಿನ ಎರಡೂ ಕಡೆ ಬುಟ್ಟಿ ತೂಗುಬಿಡಿ, ಮುಗಿಯಿತು.

ಪಿರಮಿಡ್ ಆಕಾರ ಬೇಕೇ ಬೇಕು ಅಂತಿದ್ದರೆ ಥೀಬ್ಸಿನಲ್ಲೇ ಒಂದಿದೆ, ಮನುಷ್ಯರು ಕಟ್ಟಿದ್ದಲ್ಲ. ದೊರೆಗಳ ಗೋರಿಗಳಿರುವ ರಾಜರ ಕಣಿವೆಯ ನೆತ್ತಿಯ ಮೇಲೆ ಎದ್ದು ನಿಂತ ಎಲ್-ಕುರ್ನ್ ಬೆಟ್ಟ ದೂರದಿಂದ ಪಿರಮಿಡ್ಡಿನಂತೆಯೇ ಕಾಣುತ್ತದೆ. ಅಲ್ಲಿಯ ದೇವತೆ ಮೆರೆತ್‌ಸೆಗೆರ್, ನಾಗರೂಪಿ. ಹೆಸರಿನ ಅರ್ಥ ‘ಮೌನವನ್ನು ಪ್ರೀತಿಸುವವಳು’. ಗೋರಿಗಳ್ಳರ ಕಥೆಗೆ ಇದಕ್ಕಿಂತ ಒಳ್ಳೆಯ ದೇವತೆ ಸಿಗಲಿಕ್ಕಿಲ್ಲ. ಎಲ್-ಕುರ್ನ್ ಅನ್ನುವುದು ಅರಬ್ಬಿ ಹೆಸರು, ಪಾತ್ರಗಳ ಬಾಯಲ್ಲಿ ಬರಬಾರದು. ಅವರು ‘ಶಿಖರ’ ಎಂದಷ್ಟೇ ಕರೆಯುತ್ತಿದ್ದರು.

ಮುಂದೆ ಕಥೆ ಮೆಂಫಿಸಿಗೆ ಹೋದಾಗ ಗೀಜಾ ಬರೆಯುವಿರಲ್ಲ, ಅಲ್ಲಿಯೂ ಎಚ್ಚರ. ಖೂಫುವಿನ ಪಿರಮಿಡ್ಡಿನ ಬುಡ 440 ಮೊಳ, ಎತ್ತರ 280 ಮೊಳ. ಅಂದರೆ 11ಕ್ಕೆ 7. ಹಾಳೆಯಲ್ಲಿ ಬುಡ 11 ಸೆಂ.ಮೀ. ಇದ್ದರೆ ತುದಿ 7 ಸೆಂ.ಮೀ.ಗೆ ನಿಲ್ಲಬೇಕು. ಎದುರಿನಿಂದ ನೋಡಿದರೆ ಓರೆ ಸುಮಾರು 52 ಡಿಗ್ರಿ, ಮೂಲೆಯ ದಿಕ್ಕಿನಿಂದ ನೋಡಿದರೆ 42. ಕೈ ತಾನಾಗಿ 60-65ಕ್ಕೆ ಏರುತ್ತದೆ, ಎಲ್ಲ ಕಾಮಿಕ್ಸಿನಲ್ಲೂ ಇದೇ ರೋಗ. ಮೆಟ್ಟಿಲು ಮೆಟ್ಟಿಲಾಗಿ ಬರೆಯುವುದೂ ತಪ್ಪು. ತೂರಾದ ಬಿಳಿ ಸುಣ್ಣಕಲ್ಲಿನ ನಯವಾದ ಹೊದಿಕೆ ಆಗಿನ್ನೂ ಇತ್ತು. ನಾವು ಇವತ್ತು ನೋಡುವುದು ಸಿಪ್ಪೆ ಸುಲಿದ ಪಿರಮಿಡ್ಡನ್ನು. ಮೆರೆನ್‌ಪ್ತಾಹನ ಹೊತ್ತಿಗೆ ಅದಕ್ಕೆ 1300 ವರ್ಷ ದಾಟಿತ್ತು ಅನ್ನುವುದೂ ಲಕ್ಷ್ಯದಲ್ಲಿರಲಿ. ಪಾತ್ರಗಳ ಕಣ್ಣಿಗೂ ಅದು ಪುರಾತನ, ಅವನ ಅಣ್ಣ ಖಾಎಮ್‌ವಾಸೆತ್ ಅಲ್ಲಿಯ ಹಳೆಯ ಗೋರಿಗಳ ಜೀರ್ಣೋದ್ಧಾರ ಮಾಡಿಸಿದವನು.

ಒರಟುಹಾಳೆ:
ಗುರು, ದೇವರುಗಳು ನರಿತಲೆ ಹೊತ್ತು ಓಡಾಡೋ ಕಥೆಯಲ್ಲಿ ಒಂದು ಒಂಟೆ ಬಂದರೆ ಏನಾಗತ್ತೆ? ನೀವು ಹೇಳಿದ ಬೆಲ್ಜಿಯಂ ಸರಣಿಯಲ್ಲೇ ದೇವತೆಗಳು ಮಾತಾಡ್ತಾರೆ.

ನೈಲ್‌ದಂಡೆ:
ನರಿತಲೆ ದೇವರು ಅವರ ನಂಬಿಕೆಯಲ್ಲಿತ್ತು, ಒಂಟೆ ಅವರ ಬೀದಿಯಲ್ಲಿರಲಿಲ್ಲ. ಓದುಗ ಮಾಯೆಯನ್ನು ನಂಬಬೇಕಾದರೆ ಕತ್ತೆ, ಬುಟ್ಟಿ, ಕೊಡ ಎಲ್ಲ ಸರಿ ಇರಬೇಕು. ಹೆಸರುಗಳ ವಿಷಯದಲ್ಲಿ ಬೇಕಾದರೆ ಸಡಿಲ ಬಿಡಬಹುದು. ತೆತಿ-ಶೆರಿ ಅನ್ನುವುದು ಮೆರೆನ್‌ಪ್ತಾಹನಿಗಿಂತ 300 ವರ್ಷಕ್ಕೂ ಹಿಂದಿನ, 17ನೇ ರಾಜವಂಶದ ನಿಜವಾದ ರಾಣಿಯ ಹೆಸರು. ರಾಜಕುಮಾರಿಗೆ ಅಜ್ಜಿಯರ ಹೆಸರಿಡುವುದು ಎಲ್ಲ ಊರಲ್ಲೂ ಉಂಟು, ಅದು ಕಣ್ಣಿಗೆ ಚುಚ್ಚುವುದಿಲ್ಲ.

ಪಟ್ಟಿಗೀಟು:
ಪುಟ 5-6 ಪೂರ್ತಿ ಬದಲಾಗಬೇಕು. ಈಜಿಪ್ಟಿನ ರಥ ನಮ್ಮ ತೇರಲ್ಲ, ಕುರುಕ್ಷೇತ್ರದ ಕ್ಯಾಲೆಂಡರಿನ ರಥವೂ ಅಲ್ಲ. ಬಾಗಿಸಿದ ಮರದ ಚೌಕಟ್ಟು, ಹಸಿ ಚರ್ಮದ ಬಿಗಿತ, ಚರ್ಮದ ಪಟ್ಟಿ ಹೆಣೆದ ನೆಲ, ಹಿಂಬದಿ ಬಾಗಿಲಿಲ್ಲದೆ ಬಯಲು. ಚಕ್ರಕ್ಕೆ ಆರು ಅರೆಕಾಲು (ನಾಲ್ಕು ಅರೆಕಾಲಿನದು ಇನ್ನೂ ಹಳೆಯ ಕಾಲದ್ದು), ಅಡ್ಡಳತೆ ಒಂದು ಮೀಟರಿಗೆ ತುಸು ಕಡಿಮೆ. ಎಳೆಯುವುದು ಎರಡು ಕುದುರೆ. ನಿಲ್ಲುವವರು ಇಬ್ಬರು, ಒಬ್ಬ ಸಾರಥಿ, ಒಬ್ಬ ಬಿಲ್ಲುಗಾರ. ಕಾದೇಶ್ ಯುದ್ಧದ ಚಿತ್ರಗಳಲ್ಲಿ ಮೂವರು ನಿಂತ ರಥ ಎದುರಾಳಿ ಹಿಟ್ಟೈಟರದು.

ಎಲ್ಲರೂ ಎಡವುವುದು ಚಕ್ರದ ಅಚ್ಚಿನಲ್ಲಿ. ಅಚ್ಚು ರಥದ ನಡುವೆ ಇಲ್ಲ, ನೆಲದ ಹಿಂಭಾಗದ ಅಂಚಿನ ಕೆಳಗಿದೆ. ನಡುವೆ ಬರೆದರೆ ಅದು ಜಟಕಾ ಗಾಡಿ ಆಗಿಬಿಡುತ್ತದೆ. ಅಚ್ಚು ಹಿಂದಿದ್ದರಿಂದಲೇ ಅದು ಗಕ್ಕನೆ ತಿರುಗಬಲ್ಲದು.

ಇಷ್ಟು ಹಗುರವಾದ ಬಂಡಿಯನ್ನು ಕಲ್ಲುಗುಡ್ಡದ ದಾರಿಗೆ ಹತ್ತಿಸಿದರೆ ಅರೆಕಾಲು ಮುರಿಯುತ್ತದೆ. ಗೋರಿ ಕೊರೆಯುವ ಕೆಲಸಗಾರರ ಹಳ್ಳಿಯಿಂದ ರಾಜರ ಕಣಿವೆಗಿರುವುದು ಕಾಲುದಾರಿ. ಓಟವನ್ನು ಹೊಲದ ಅಂಚಿಗೂ ಮರಳಿಗೂ ನಡುವಿನ ಗಟ್ಟಿ ನೆಲಕ್ಕೆ ಇಳಿಸಿ. ಆ ಗೆರೆ ಚಿತ್ರದಲ್ಲೂ ಚೆನ್ನ, ಒಂದು ಕಡೆ ಹಸಿರು, ಒಂದು ಕಡೆ ಹಳದಿ, ನಡುವೆ ರಥ. ಪ್ರವಾಹದ ತಿಂಗಳಾದರೆ ಹಸಿರಿನ ಜಾಗದಲ್ಲಿ ನೀರು. ಗುಡಿಯ ಗೋಡೆಗಳಲ್ಲಿ ದೊರೆ ಲಗಾಮು ಸೊಂಟಕ್ಕೆ ಕಟ್ಟಿಕೊಂಡು ಒಬ್ಬನೇ ಬಾಣ ಬಿಡುತ್ತಾನಲ್ಲ, ಅದು ಹೊಗಳುಭಟರ ಚಿತ್ರ. ನಾಯಕಿಗೆ ಹಾಗೆ ಮಾಡಿಸಬೇಡಿ, ಮೊದಲ ತಿರುವಿನಲ್ಲೇ ಬೀಳುತ್ತಾಳೆ. ಬಿದ್ದರೆ ಒಳ್ಳೆಯ ಪ್ಯಾನೆಲ್ ಆಗುತ್ತದೆ ಅನ್ನುವುದು ಬೇರೆ ಮಾತು. ಕುದುರೆ ಹತ್ತುವ ಪಾತ್ರವಿದ್ದರೆ ರಿಕಾಬು ಬರೆಯಬೇಡಿ, ಆಗಿನ್ನೂ ಅದು ಹುಟ್ಟಿರಲಿಲ್ಲ.

ಕತ್ತಿ: ಉಕ್ಕು ಇಲ್ಲ, ಕಂಚು. ಕಬ್ಬಿಣ ಎಷ್ಟು ಅಪರೂಪವೆಂದರೆ ತುತಾಂಖಾಮನ್ ಗೋರಿಯಲ್ಲಿ ಸಿಕ್ಕ ಕಬ್ಬಿಣದ ಬಾಕು ಉಲ್ಕೆಯ ಲೋಹದ್ದು. ಮಾಯಾಕತ್ತಿಗೆ ಕಾರಣ ಬೇಕಿದ್ದರೆ ಇಲ್ಲಿದೆ, ಆಕಾಶದಿಂದ ಬಿದ್ದದ್ದು ಅನ್ನಿ. ಕುಡುಗೋಲಿನಂತೆ ಬಾಗಿದ ಖೋಪೆಶ್ ಬರೆಯುವಾಗ ಹರಿತ ಇರುವುದು ಉಬ್ಬಿದ ಹೊರಬದಿಗೆ. ಒಳಬದಿಗೆ ಹರಿತ ಇಟ್ಟರೆ ಆಯುಧ ಹೋಗಿ ರಾಗಿ ಕೊಯ್ಯುವ ಕುಡುಗೋಲು ಉಳಿಯುತ್ತದೆ.

ಮೂರನೇಪುಟ:
ನಾಣ್ಯದ ಚೀಲವನ್ನು ಯಾರೂ ಮುಟ್ಟಲಿಲ್ಲ. ನಾಣ್ಯವೇ ಇರಲಿಲ್ಲ. ಬೆಲೆಯನ್ನು ತಾಮ್ರದ ದೆಬೆನ್ ತೂಕದಲ್ಲಿ ಹೇಳುತ್ತಿದ್ದರು, ಒಂದು ದೆಬೆನ್ ಸುಮಾರು 91 ಗ್ರಾಂ. ಆದರೆ ಕೈ ಬದಲಾಗುತ್ತಿದ್ದದ್ದು ಧಾನ್ಯ, ಬಟ್ಟೆ, ಎಣ್ಣೆ, ಬುಟ್ಟಿ. ಒಂದು ಜೊತೆ ಚಪ್ಪಲಿ 1-2 ದೆಬೆನ್, ಕತ್ತೆ 25ರಿಂದ 40. ಸಂತೆಯ ಚೌಕಾಸಿಯನ್ನು ಹೀಗೆ ಬರೆಯಿರಿ: ಒಬ್ಬ ಕತ್ತೆಗೆ 40 ಅನ್ನುತ್ತಾನೆ, ಇನ್ನೊಬ್ಬ ಎರಡು ಅಂಗಿ, ಒಂದು ಕೊಡ ಎಣ್ಣೆ, ಉಳಿದದ್ದಕ್ಕೆ ಗೋಧಿ ಗುಡ್ಡೆ ಹಾಕುತ್ತಾನೆ. ನಾಣ್ಯದ ಚೀಲಕ್ಕಿಂತ ಹತ್ತು ಪಟ್ಟು ನೋಡುವಂತಿರುತ್ತದೆ.

ಕೆಲಸಗಾರರ ಸಂಬಳವೂ ಧಾನ್ಯವೇ. ಗೋರಿ ಕೊರೆಯುವವನಿಗೆ ತಿಂಗಳಿಗೆ 4 ಖಾರ್ ಗೋಧಿ, ಒಂದೂವರೆ ಖಾರ್ ಬಾರ್ಲಿ. ಗೋಧಿ ರೊಟ್ಟಿಗೆ, ಬಾರ್ಲಿ ಬಿಯರಿಗೆ. ಒಂದು ಖಾರ್ ಅಂದರೆ ಸುಮಾರು 77 ಲೀಟರ್ ಅಳತೆ. ಅದು ತಡವಾದದ್ದಕ್ಕೆ ಮೂರನೇ ರಾಮ್ಸೆಸನ ಆಳ್ವಿಕೆಯ 29ನೇ ವರ್ಷದಲ್ಲಿ ಕೆಲಸ ಬಿಟ್ಟು ಗುಡಿಯ ಹಿಂದೆ ಹೋಗಿ ಕೂತರು. ‘ಹಸಿವಾಗಿದೆ, ತಿಂಗಳಲ್ಲಿ 18 ದಿನ ಕಳೆಯಿತು’ ಎಂಬ ಅವರ ಮಾತು ಈಗ ಟ್ಯುರಿನ್‌ನಲ್ಲಿರುವ ಪಪೈರಸ್ಸಿನಲ್ಲಿ ದಾಖಲಾಗಿದೆ. ನಿಮ್ಮ ಕಾಲಕ್ಕಿಂತ ಐವತ್ತು ವರ್ಷ ಈಚಿನ ಘಟನೆ, ಹಾಗೆಯೇ ಎತ್ತಿಹಾಕಬೇಡಿ. ಸಂಬಳದ ಅಳತೆ ಬಳಸಿಕೊಳ್ಳಿ.

ದೋಣಿಗಟ್ಟೆ:
ಪುಟ 8 ಉಲ್ಟಾ ಆಗಿದೆ ಮಾರಾಯ್ರೆ. ನೈಲ್ ಹರಿಯುವುದು ದಕ್ಷಿಣದಿಂದ ಉತ್ತರಕ್ಕೆ, ಗಾಳಿ ಬೀಸುವುದು ಹೆಚ್ಚಾಗಿ ಉತ್ತರದಿಂದ ದಕ್ಷಿಣಕ್ಕೆ. ಥೀಬ್ಸಿನಿಂದ ಮೆಂಫಿಸಿಗೆ ಅಂದರೆ ಉತ್ತರಕ್ಕೆ ಹೋಗುವಾಗ ಗಾಳಿ ಮುಖಕ್ಕೆ ಹೊಡೆಯುತ್ತದೆ. ಹಾಯಿ ಸುತ್ತಿ, ಕಂಬ ಕೆಳಗೆ ಮಲಗಿಸಿ, ಹರಿವಿನ ಜೊತೆ ಹುಟ್ಟು ಹಾಕುತ್ತಾರೆ. ಹಾಯಿ ಬಿಚ್ಚುವುದು ವಾಪಸು ಬರುವಾಗ. ಅವರ ಲಿಪಿಯಲ್ಲೇ ಇದಿದೆ, ದಕ್ಷಿಣಕ್ಕೆ ಹೋಗು ಅನ್ನುವುದಕ್ಕೆ ಹಾಯಿ ಬಿಚ್ಚಿದ ದೋಣಿ, ಉತ್ತರಕ್ಕೆ ಹೋಗು ಅನ್ನುವುದಕ್ಕೆ ಹಾಯಿ ಇಲ್ಲದ ದೋಣಿ. ದೋಣಿಯವನ ಮಗಳ ಕಥೆಯಲ್ಲೇ ಇದು ತಪ್ಪಿದರೆ ಹೇಗೆ? ಹಿಂಬದಿಯಲ್ಲಿ ದಿಕ್ಕು ತಿರುಗಿಸುವುದು ಉದ್ದನೆಯ ಹುಟ್ಟುಗಳಿಂದ, ಚುಕ್ಕಾಣಿ ಚಕ್ರದಿಂದಲ್ಲ.

ಮೂರನೇಪುಟ:
ಗೋರಿಯ ಬಾಣದ ಯಂತ್ರಕ್ಕೆ ಬರೋಣ, ಈ ಚರ್ಚೆಯ ತಿರುಳು ಅದೇ. ಅಂಥ ಯಂತ್ರ ಒಂದೂ ಸಿಕ್ಕಿಲ್ಲ. ನಿಜವಾದ ತಡೆಗಳು ಬೇರೆ: ಬಾಗಿಲು ಮುಚ್ಚಿ ಗಾರೆ ಮೆತ್ತಿ ಒತ್ತಿದ ಮುದ್ರೆ (ಒಂಬತ್ತು ಸೆರೆಯಾಳುಗಳ ಮೇಲೆ ಕೂತ ನರಿ), ಓಣಿಗೆ ತುಂಬಿದ ಕಲ್ಲುಚೂರು, ನಡುದಾರಿಯಲ್ಲಿ ಆಳದ ಬಾವಿಗುಂಡಿ, ಪಿರಮಿಡ್ಡಿನಲ್ಲಾದರೆ ಮೇಲಿಂದ ಇಳಿಬಿಟ್ಟ ಗ್ರಾನೈಟ್ ಚಪ್ಪಡಿ. ಬಾವಿಗುಂಡಿ ಒಂದೇ ಸಾಕು ಎರಡು ಪುಟಕ್ಕೆ. ಕಣಿವೆಯಲ್ಲಿ ಅಪರೂಪಕ್ಕೆ ಸುರಿಯುವ ಮಳೆನೀರನ್ನೂ ಅದು ನುಂಗುತ್ತದೆ, ಹಾಗಾಗಿ ತಳದಲ್ಲಿ ಕೆಸರು ಇರಬಹುದು.

ಕಳ್ಳರು ಹೇಗೆ ಕದ್ದರು ಅನ್ನುವುದು ಅವರ ಬಾಯಿಂದಲೇ ಬಂದಿದೆ. ಒಂಬತ್ತನೇ ರಾಮ್ಸೆಸನ ಆಳ್ವಿಕೆಯ 16ನೇ ವರ್ಷದ ವಿಚಾರಣೆ. ಅಮುನ್‌ಪನೆಫೆರ್ ಎಂಬ ಕಲ್ಲುಕುಟಿಗ ಮತ್ತು ಜೊತೆಗಾರರು, ಒಟ್ಟು ಎಂಟು ಮಂದಿ, ತಾಮ್ರದ ಉಳಿಯಿಂದ ಸೊಬೆಕೆಮ್‌ಸಾಫ್ ದೊರೆಯ ಗೋರಿ ಹೊಕ್ಕರು. ಮುಂಬಾಗಿಲಿನಿಂದ ಅಲ್ಲ, ಪಕ್ಕದಲ್ಲಿದ್ದ ಕಣಜದ ಅಧಿಕಾರಿ ನೆಬಮುನ್‌ನ ಗೋರಿಯ ಒಳಗಿಂದ ಸುರಂಗ ಕೊರೆದು. ಚಿನ್ನ ಕಿತ್ತು ಶವಪೆಟ್ಟಿಗೆಗೆ ಬೆಂಕಿ ಇಟ್ಟರು. ತಲೆಗೆ 20 ದೆಬೆನ್, ಒಟ್ಟು 160, ಅಂದರೆ ಹದಿನಾಲ್ಕೂವರೆ ಕಿಲೋ ಚಿನ್ನ. ಸಿಕ್ಕಿಬಿದ್ದ ಅಮುನ್‌ಪನೆಫೆರ್ ತನ್ನ ಪಾಲಿನ 20 ದೆಬೆನ್ ಗುಮಾಸ್ತನ ಕೈಗಿಟ್ಟು ಹೊರಬಂದು ಮತ್ತೆ ಗ್ಯಾಂಗು ಸೇರಿದ. ಆ ಹೊತ್ತಿಗೆ ಪೂರ್ವದಂಡೆಯ ಮೇಯರ್ ಪಸೆರ್, ಪಶ್ಚಿಮದಂಡೆಯ ಮೇಯರ್ ಪವೆರಾ ಇಬ್ಬರೂ ಪರಸ್ಪರ ಹಲ್ಲು ಮಸೆಯುತ್ತಿದ್ದರು. ಹತ್ತು ರಾಜಗೋರಿ ಪರೀಕ್ಷಿಸಿದಾಗ ಒಡೆದದ್ದು ಒಂದೇ ಅಂತ ವರದಿಯಾಯಿತು.

ಇದೂ ನೂರು ವರ್ಷ ಈಚಿನದು. ಮೆರೆನ್‌ಪ್ತಾಹನಿಗೆ ಹತ್ತಿರದ ಖಳ ಬೇಕೆಂದರೆ ಪನೆಬ್ ಇದ್ದಾನೆ, ಗೋರಿ ಕೆಲಸಗಾರರ ಮೇಸ್ತ್ರಿ. ತನ್ನನ್ನು ಸಾಕಿದ ನೆಫೆರ್‌ಹೊತೆಪ್‌ಗೇ ಕೊಲೆಬೆದರಿಕೆ ಹಾಕಿದ, ಮಂತ್ರಿಗೆ ಐದು ಆಳುಗಳನ್ನು ಲಂಚ ಕೊಟ್ಟು ಮೇಸ್ತ್ರಿಯಾದ, ಎರಡನೇ ಸೇತಿಯ ಗೋರಿಯ ಸೊತ್ತು ಕದ್ದ ಎಂಬ ದೂರುಪಟ್ಟಿ ಉಳಿದುಬಂದಿದೆ. ದೂರು ಬರೆಸಿದವನು ಆ ಹುದ್ದೆ ತನಗೆ ಬರಬೇಕಿತ್ತು ಎಂದು ಕುದಿಯುತ್ತಿದ್ದ ಅಮೆನ್ನಖ್ತ್, ಹಾಗಾಗಿ ಎಲ್ಲವನ್ನೂ ನಂಬಬೇಕಾಗಿಲ್ಲ. ಕಥೆಗೆ ಆ ಅನುಮಾನವೇ ಬಂಡವಾಳ.

ಕಳ್ಳತನ ಪತ್ತೆಗೆ ಮಾಯಾಕತ್ತಿ ಬೇಕಾಗಿಲ್ಲ. ಕೆಲಸಗಾರರಿಗೆ ತಾಮ್ರದ ಉಳಿಯನ್ನು ತೂಕ ಮಾಡಿ ಕೊಡುತ್ತಿದ್ದರು, ಹಿಂತಿರುಗಿಸಿದಾಗ ಮತ್ತೆ ತೂಗುತ್ತಿದ್ದರು. ದೀಪದ ಬತ್ತಿಗಳನ್ನು ಎಣಿಸಿ ಕೊಡುತ್ತಿದ್ದರು. ಹತ್ತು ದಿನದ ವಾರದಲ್ಲಿ ಕೊನೆಯ ಎರಡು ದಿನ ರಜೆ. ರಜೆಯ ದಿನ ಬತ್ತಿ ಕಡಿಮೆಯಾಗಿದ್ದರೆ? ಉಳಿಯ ತೂಕ ಸವೆದಿದ್ದರೆ? ಗುಮಾಸ್ತ ಲೆಕ್ಕ ಬರೆದಿಟ್ಟ ಹೆಂಚುಚೂರು ನೋಡಿಯೇ ನಾಯಕಿ ಹಿಡಿಯಬಹುದು.

ಒರಟುಹಾಳೆ:
ಇದು ಒಂಟೆಗಿಂತ ಚೆನ್ನಾಗಿದೆ, ಒಪ್ಪಿದೆ.

ಪಟ್ಟಿಗೀಟು:
ಪುಟ 12ರ ಗೋಡೆ. ಚಿತ್ರಲಿಪಿಯಲ್ಲಿ ಹಕ್ಕಿ, ಮನುಷ್ಯ, ಪ್ರಾಣಿಗಳ ಮುಖ ಸಾಲಿನ ಆರಂಭದ ಕಡೆಗಿರುತ್ತದೆ. ಮುಖ ಬಲಕ್ಕಿದ್ದರೆ ಬಲದಿಂದ ಓದು. ಹಾಗಾಗಿ ಪ್ಯಾನೆಲ್ಲನ್ನು ಕನ್ನಡಿಯಂತೆ ತಿರುಗಿಸಿದರೂ ಬರಹ ತಪ್ಪಾಗುವುದಿಲ್ಲ, ಕಾಮಿಕ್ಸ್‌ನವರಿಗೆ ಇಂಥ ಅದೃಷ್ಟ ಬೇರೆ ಲಿಪಿಯಲ್ಲಿ ಸಿಗದು. ತಪ್ಪಾಗುವುದು ಒಂದೇ ಸಾಲಿನಲ್ಲಿ ಅರ್ಧ ಹಕ್ಕಿ ಎಡಕ್ಕೆ, ಅರ್ಧ ಬಲಕ್ಕೆ ನೋಡಿದಾಗ. 2009ರಲ್ಲಿ ಯುನಿಕೋಡಿಗೆ 1071 ಚಿಹ್ನೆಗಳು ಸೇರಿದವು, ಆದರೆ ಸುಮ್ಮನೆ ಟೈಪಿಸಿದರೆ ಎಲ್ಲ ಒಂದೇ ಸಾಲಿಗೆ ಬಿದ್ದು ಬಸ್ಸಿನ ಕ್ಯೂ ಥರ ಕಾಣುತ್ತದೆ. ಚೌಕದೊಳಗೆ ಮೇಲೆ ಕೆಳಗೆ ಜೋಡಿಸಬೇಕು; ಜೆಸೆಶ್ ತಂತ್ರಾಂಶ ಅದಕ್ಕೇ ಇರುವುದು. ದೊರೆಯ ಹೆಸರನ್ನು ಸುತ್ತುವರಿಯುವ ಉದ್ದುಂಗುರದಲ್ಲಿ (ಕಾರ್ಟೂಷ್) ದೇವರ ಚಿಹ್ನೆ ಓದುವಾಗ ಎಲ್ಲೇ ಬರಲಿ, ಬರೆಯುವಾಗ ಮೊದಲು ಬರುತ್ತದೆ. ಮೆರೆನ್‌ಪ್ತಾಹನ ಪಟ್ಟದ ಹೆಸರು ಬಾಎನ್‌ರೇ, ಅದರ ‘ರೇ’ ಅಂದರೆ ಸೂರ್ಯನ ವೃತ್ತ ಮೇಲೆ ಮೊದಲಿಗೆ.

ಹಿನ್ನೆಲೆಯ ಭಿತ್ತಿಚಿತ್ರಕ್ಕೆ ಅವರದೇ ಚೌಕಜಾಲ ಹಾಕಿ: ನಿಂತ ಆಕೃತಿ ಅಂಗಾಲಿನಿಂದ ಹಣೆಯ ಕೂದಲಂಚಿಗೆ 18 ಚೌಕ, ಮಂಡಿ 6ಕ್ಕೆ, ಪೃಷ್ಠದ ಕೆಳಂಚು 9ಕ್ಕೆ, ಭುಜ 16ಕ್ಕೆ. ಅಪೂರ್ಣ ಗೋರಿಯ ದೃಶ್ಯದಲ್ಲಿ ಆ ಕೆಂಪು ಗೆರೆಗಳು ಕಾಣಲಿ. ಕೆಮ್ಮಣ್ಣಿನಲ್ಲಿ ಅದ್ದಿದ ದಾರ ಎಳೆದು ಗೋಡೆಗೆ ಮಿಡಿದು ಮೂಡಿಸುತ್ತಿದ್ದ ಗೆರೆಗಳವು, ನಮ್ಮ ಬಡಗಿಗಳು ಹಲಗೆಗೆ ನೂಲು ಹೊಡೆಯುವ ಹಾಗೆಯೇ. ಭಿತ್ತಿಯ ಜನ ಪಕ್ಕಮುಖ, ಕಥೆಯ ಜನ ಸಹಜ ಭಂಗಿ. ಇವೆರಡು ಬೆರೆತರೆ ಪಾತ್ರಗಳೆಲ್ಲ ಗೋಡೆಗೆ ಅಂಟಿದಂತೆ ಕಾಣುತ್ತವೆ.

ಒತ್ತಕ್ಷರ:
ಯಾರೂ ಅಕ್ಷರದ ಮಾತೆತ್ತಿಲ್ಲ. ಕನ್ನಡ ಕಾಮಿಕ್ಸು ಹಾಳಾಗುವುದು ಬಲೂನಿನಲ್ಲಿ. ಚಿತ್ರ ಮುಗಿದ ಮೇಲೆ ಉಳಿದ ಜಾಗಕ್ಕೆ ಮಾತು ತುರುಕುತ್ತಾರೆ. ಪೆನ್ಸಿಲ್ ಕರಡಿನ ಮೇಲೆ ಮೊದಲು ಮಾತು ಕೂರಿಸಿ, ಅದರ ಸುತ್ತ ಬಲೂನು ಎಳೆದು, ಆಮೇಲೆ ಚಿತ್ರ ಬಿಗಿಗೊಳಿಸಿ. ಪುಟ ಕತ್ತರಿಸಿದ ಮೇಲೆ 22 × 29 ಸೆಂ.ಮೀ. ಆದರೆ ಅಕ್ಷರ 9.5 ಪಾಯಿಂಟ್, ಸಾಲಿನಿಂದ ಸಾಲಿಗೆ 13.5-14. ಇಂಗ್ಲಿಷಿನ ಅಳತೆಯಲ್ಲಿ 11 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತದೆ. ‘ರಾಷ್ಟ್ರ’, ‘ಸ್ತ್ರೀ’ ಟೈಪಿಸಿ ಕೆಳಗೆ ‘ಕೀ, ಟೀ’ ಇಟ್ಟು ಪರೀಕ್ಷೆ ಮಾಡಿ.

ನಮ್ಮ ಪದಗಳು ಉದ್ದ. ‘ಬಂದುಬಿಟ್ಟಿದ್ದಾರಂತಲ್ಲ’ ಒಂದೇ ಪದ, ಒಡೆಯಲಾಗದು. ಆದ್ದರಿಂದ ಬಲೂನು ನಿಂತ ಮೊಟ್ಟೆಯಲ್ಲ, ಮಲಗಿದ ಮೊಟ್ಟೆ. ಒಂದು ಬಲೂನಿಗೆ 18-20 ಪದ ಮೀರಿದರೆ ಎರಡು ಮಾಡಿ. ಫೋಟೊಶಾಪಿನಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆ ಚಾಲೂ ಇಲ್ಲದಿದ್ದರೆ ಒತ್ತು ಬಿಡಿಬಿಡಿಯಾಗಿ ಪಕ್ಕಕ್ಕೆ ಬೀಳುತ್ತದೆ. ಇಂಕ್‌ಸ್ಕೇಪಿನಲ್ಲಿ ಆ ತಾಪತ್ರಯ ಕಡಿಮೆ. ಹಳೆಯ ನುಡಿ ಅಕ್ಷರದಲ್ಲಿ ಟೈಪಾದ ಚಿತ್ರಕಥೆಯನ್ನು ಯುನಿಕೋಡಿಗೆ ತಿರುಗಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಪ್ರೆಸ್ಸಿಗೆ ಕೊಡುವ ಮುನ್ನ ಅಕ್ಷರವನ್ನೆಲ್ಲ ಔಟ್‌ಲೈನ್ ಮಾಡಿ, ಮೂಲ ಕಡತ ಬೇರೆ ಇಟ್ಟುಕೊಳ್ಳಿ. ಸದ್ದುಗಳಿಗೆ ‘ಬೂಮ್, ಸ್ಪ್ಲಾಶ್’ ಬೇಡ. ಮೊಸಳೆ ನೀರಿಗಿಳಿದರೆ ಬುಳುಕ್, ಚಪ್ಪಡಿ ಬಿದ್ದರೆ ಧಡಲ್, ಉಳಿ ತಾಗಿದರೆ ಟಣ್, ನಾಗರ ಬುಸ್ಸ್. ಇವನ್ನು ಟೈಪಿಸದೆ ಕೈಯಲ್ಲೇ ಬರೆಯಿರಿ.

ನೈಲ್‌ದಂಡೆ:
ಮಾತಿನ ವಿಷಯಕ್ಕೆ ಒಂದು ಸೇರ್ಪಡೆ. ಥೀಬ್ಸ್, ಮೆಂಫಿಸ್, ಈಜಿಪ್ಟ್ ಎಲ್ಲ ಗ್ರೀಕರಿಂದ ಬಂದ ರೂಪ. ನಿರೂಪಣೆಯ ಪೆಟ್ಟಿಗೆಯಲ್ಲಿ ಇರಲಿ. ಪಾತ್ರಗಳು ವಾಸೆತ್, ಮೆನ್‌ನೆಫೆರ್, ಕೆಮೆತ್ ಅನ್ನಬಹುದು. ಕೆಮೆತ್ ಅಂದರೆ ಕರಿನೆಲ, ಆಚೆಯ ಮರಳುಗಾಡು ದೆಶ್ರೆತ್, ಕೆನ್ನೆಲ. ಎರೆ ಸೀಮೆಯವರಿಗೆ ವಿವರಿಸುವ ಅಗತ್ಯವಿಲ್ಲ. ಬೈಬಲ್ಲಿನಲ್ಲಿ ‘ಫರೋಹ’ ಎಂದು ಓದಿದ್ದೇವೆ, ಪಠ್ಯದಲ್ಲಿ ‘ಫೇರೋ’. ಮೂಲ ‘ಪೆರ್-ಆ’, ಅರ್ಥ ‘ದೊಡ್ಡಮನೆ’! ಮೊದಲು ಅರಮನೆಗೆ ಇದ್ದ ಪದ ಹೊಸ ಸಾಮ್ರಾಜ್ಯದ ಕಾಲದಲ್ಲಿ ದೊರೆಗೇ ಅಂಟಿತು. ಹಳ್ಳಿಯವರ ಬಾಯಲ್ಲಿ ‘ದೊಡ್ಡಮನೆಯಿಂದ ಅಪ್ಪಣೆಯಾಗಿದೆ’ ಅಂತ ಬರೆಸಿ, ಕನ್ನಡಕ್ಕೆ ಅಚ್ಚುಕಟ್ಟಾಗಿ ಕೂರುತ್ತದೆ.

ದೋಣಿಗಟ್ಟೆ:
ಕನ್ನಡದ ಕೊಂಡಿ ಬೇಕಾದರೆ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನ ತರಬಹುದಲ್ಲ? ಅದರಲ್ಲಿ ಕನ್ನಡ ಮಾತುಗಳಿವೆ ಅಂತಾರೆ.

ನೈಲ್‌ದಂಡೆ:
ತರಬೇಡಿ. 413ನೇ ಸಂಖ್ಯೆಯ ಆ ಪಪೈರಸ್ ಕ್ರಿ.ಶ. 2ನೇ ಶತಮಾನದ್ದು, ರೋಮನ್ನರ ಈಜಿಪ್ಟು, ನಿಮ್ಮ ಕಥೆಗಿಂತ 1300 ವರ್ಷ ಈಚೆ. ಜರ್ಮನ್ ವಿದ್ವಾಂಸ ಹುಲ್ಟ್ಶ್ 1904ರಲ್ಲಿ ಕನ್ನಡವೆಂದು ಊಹಿಸಿದ್ದು, ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು ಬೆಂಬಲಿಸಿದ್ದು ಎಲ್ಲ ನಿಜ. ಎಲ್ಲ ವಿದ್ವಾಂಸರೂ ಒಪ್ಪಿದ ಓದಲ್ಲ. ನಿಮ್ಮ ಕಾಲಕ್ಕೆ ಸರಿಯಾಗಿ ಹೊಂದುವ ಕೊಂಡಿ ಬೇರೆ ಇದೆ, ಕಾಳುಮೆಣಸು. ಎರಡನೇ ರಾಮ್ಸೆಸನ ಮಮ್ಮಿಯ ಮೂಗಿನಲ್ಲಿ ಮೆಣಸಿನ ಕಾಳು ಸಿಕ್ಕಿದೆ, ಆ ಬಳ್ಳಿಯ ತವರು ನಮ್ಮ ಪಶ್ಚಿಮಘಟ್ಟ. ರಾಮ್ಸೆಸ್ ಮೆರೆನ್‌ಪ್ತಾಹನ ತಂದೆ. ಶವ ಸಿದ್ಧಪಡಿಸುವ 70 ದಿನ, ಅದರಲ್ಲಿ ಅರ್ಧಕ್ಕೂ ಹೆಚ್ಚು ದಿನ ನೇಟ್ರಾನ್ ಉಪ್ಪಿನಲ್ಲಿ. ಆ 70 ದಿನಗಳಲ್ಲೇ ಕಥೆ ನಡೆಸಬಹುದು: ಒಬ್ಬ ದೊರೆ ಉಪ್ಪಿನಲ್ಲಿ, ಇನ್ನೊಬ್ಬ ಗದ್ದುಗೆಯ ಹೊಸ್ತಿಲಲ್ಲಿ, ಹೊಸ ಗೋರಿಗೆ ಜಾಗ ಹುಡುಕುವ ಕೆಲಸಗಾರರು. ಮೆಣಸು ಎಲ್ಲಿಯದು ಅಂತ ಯಾವ ಪಾತ್ರಕ್ಕೂ ಗೊತ್ತಿರಬಾರದು. ‘ಪೂರ್ವದ ಕಡಲಾಚೆಯದು’ ಅಂದರೆ ಸಾಕು. ಹೊಸ ದೊರೆಗೆ ಪಟ್ಟವೇರುವಾಗಲೇ ಅರವತ್ತರ ಹತ್ತಿರ ವಯಸ್ಸು, ರಾಮ್ಸೆಸನ 13ನೇ ಮಗ. ತರುಣನಂತೆ ಬರೆದುಬಿಟ್ಟೀರಿ.

ಹಾಳೆಹುಳು:
ಬದಲಾದ ಪಟ್ಟಿ. ಪುಟ 1: ಹೊಳೆಯ ಪೂರ್ವದಂಡೆ, ಕತ್ತೆಗಳು, ಶಿಖರದ ಹಿಂದಿನಿಂದ ಸೂರ್ಯ ಹುಟ್ಟುತ್ತಾನೆ, ರಾಮ್ಸೆಸ್ ತೀರಿಕೊಂಡ ಸುದ್ದಿ. ಪುಟ 3: ಕತ್ತೆ ಚೌಕಾಸಿ, ಎಣ್ಣೆಕೊಡದಲ್ಲಿ ಬಚ್ಚಿಟ್ಟ ಚಿನ್ನ. ಪುಟ 5-6: ಪ್ರವಾಹದ ನೀರಂಚಿನಲ್ಲಿ ರಥ, ಅರೆಕಾಲು ಮುರಿತ. ಪುಟ 8: ಕಂಬ ಮಲಗಿಸಿ ಹುಟ್ಟು ಹಾಕುವುದು. ಪುಟ 11: ಪಕ್ಕದ ಗೋರಿಯಿಂದ ಸುರಂಗ, ಬಾವಿಗುಂಡಿ. ಪುಟ 12: ಬತ್ತಿಯ ಲೆಕ್ಕ ತಪ್ಪಿದ ಹೆಂಚುಚೂರು. 48 ಪುಟ ಅಂದರೆ ಅಚ್ಚಿನಲ್ಲಿ 16 ಪುಟದ ಮೂರು ಫಾರಂ, ಎಲ್ಲೂ ಖಾಲಿ ಪುಟ ಉಳಿಯುವುದಿಲ್ಲ. ಮೂಲಚಿತ್ರ ಒಂದೂವರೆ ಪಟ್ಟು, 33 × 43.5 ಸೆಂ.ಮೀ., ಅಚ್ಚಿನ ಅಳತೆಗೆ ಸುತ್ತ 3 ಮಿ.ಮೀ. ಹೆಚ್ಚುವರಿ.

ದೋಣಿಗಟ್ಟೆ:
ಮಸಿ ಹಾಕುವ ಮೊದಲು ಪುಟ 1 ಇನ್ನೊಮ್ಮೆ ನೋಡಿ. ಶಿಖರ ಇರುವುದು ಪಶ್ಚಿಮದಲ್ಲಿ. ಪೂರ್ವದಂಡೆಯಲ್ಲಿ ನಿಂತವರಿಗೆ ಅದರ ಹಿಂದೆ ಸೂರ್ಯ ಮುಳುಗುತ್ತಾನೆ.

ಹಾಳೆಹುಳು:
ಸಂಜೆ ಮಾಡಿದೆ. ಕತ್ತೆಗಳ ನೆರಳೂ ನಮ್ಮ ಕಡೆಗೆ ತಿರುಗಿಸಬೇಕು.